ಗುಡಿಗೆ ಬೇಲಿ, ಕೆರೆಗೆ ಕಸ: ವಿಶ್ವ ಪರಂಪರೆಯಲ್ಲಿ ನಮ್ಮ ತಾಲ್ಲೂಕಿನ ಪಾಲು ಎಲ್ಲಿ?

2023ರ ಸೆಪ್ಟೆಂಬರ್ 18. ಗಣೇಶನ ಹಬ್ಬದ ಗಡಿಬಿಡಿ. ಅವತ್ತು ಸಂಜೆ ಜಿಲ್ಲೆಯ ಅರ್ಧ ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದೇ ಸುದ್ದಿ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಯುನೆಸ್ಕೊ ಸಭೆ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತ್ತು. ದೇಶಕ್ಕೆ 42ನೆಯದು. ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟದ ನಂತರ ನಮ್ಮ ರಾಜ್ಯಕ್ಕೆ ನಾಲ್ಕನೆಯದು. ನಾವೂ ಸ್ಟೇಟಸ್ ಹಾಕಿದೆವು, ಸುಳ್ಳು ಯಾಕೆ ಹೇಳೋಣ. ಖುಷಿಯಾಗಿತ್ತು.

ಮಾರನೇ ದಿನದಿಂದ ಶುರುವಾಯಿತು ನೋಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಕಡೆ ಎಲ್ಲಿ ಟೀ ಅಂಗಡಿಯಲ್ಲಿ ಕೂತರೂ ಒಂದೇ ಮಾತು. "ಅವ್ರಿಗೆ ಸಿಕ್ತು ಬಿಡಿ, ನಮ್ ತಾಲ್ಲೂಕಲ್ಲಿ ಏನೈತೆ?" ಮಾತು ಸರಿಯೇ ಅನ್ನಿಸುತ್ತದೆ. ಮೂರು ಗುಡಿಗಳಲ್ಲಿ ಎರಡು ಬೇಲೂರು ತಾಲ್ಲೂಕಿನವು, ಒಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ಕಡೆಯದು. ಪಟ್ಟಿಗೆ ಸೇರಿದ ಜಾಗ ಮೂರೂ ಕಡೆ ಒಟ್ಟು ಸೇರಿಸಿದರೆ ಹತ್ತೂವರೆ ಹೆಕ್ಟೇರ್ ಆಸುಪಾಸು, ಅಂದರೆ 26 ಎಕರೆ. ನಮ್ಮ ಒಂದು ಮಾಮೂಲಿ ಕೆರೆಯ ಅಚ್ಚುಕಟ್ಟು ಅದಕ್ಕಿಂತ ದೊಡ್ಡದಿರುತ್ತದೆ.

ಆ ಮಾತು ತಪ್ಪು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ. ನಮ್ಮ ತಾಲ್ಲೂಕುಗಳಲ್ಲಿ ಏನೂ ಇಲ್ಲ ಎಂದು ನಮಗೆ ಅನ್ನಿಸುವುದು ನಾವು ಬರೀ ಗುಡಿಯನ್ನು ನೋಡುವುದರಿಂದ. ಗುಡಿಯ ಪಕ್ಕದ ನೀರನ್ನು ನೋಡಿದರೆ ಲೆಕ್ಕವೇ ಬೇರೆಯಾಗುತ್ತದೆ. ಪ್ರಪಂಚದ ಪಟ್ಟಿಯಲ್ಲಿರುವ ದೊಡ್ಡ ದೊಡ್ಡ ಜಾಗಗಳಿಗೂ ನಮ್ಮ ಊರಿನ ತೂಬಿಗೂ ನೇರ ನೆಂಟಸ್ತಿಕೆ ಇದೆ. ಆ ನೆಂಟಸ್ತಿಕೆಯನ್ನು ಯಾರೂ ಬೋರ್ಡಿನಲ್ಲಿ ಬರೆದಿಲ್ಲ. ಅದಕ್ಕೇ ಆ ತೂಬನ್ನು ಜೆಸಿಬಿ ಕಿತ್ತು ಬಿಸಾಡಿದರೂ ಕೇಳುವವರಿಲ್ಲ.

ಕಲ್ಲಿನ ಲೆಕ್ಕ ಮೊದಲು ಮುಗಿಸೋಣ, ಅದರಲ್ಲೂ ನಾವೇನು ಬಡವರಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1246ರದು. ಅಲ್ಲಿ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕೆತ್ತಿದೆ. 1268ರ ಸೋಮನಾಥಪುರದ ದೇವಾಲಯದಲ್ಲೂ ಅದೇ ಮಲ್ಲಿತಮ್ಮನ ಹೆಸರಿದೆ. ಹೆಸರು ಒಂದೇ, ಕಾಲ ಹೆಚ್ಚೂ ಕಮ್ಮಿ ಒಂದೇ. ಒಂದು ಗುಡಿ ವಿಶ್ವ ಪರಂಪರೆ, ಇನ್ನೊಂದರ ಹೆಸರು ಪಕ್ಕದ ತಾಲ್ಲೂಕಿನವರಿಗೂ ಗೊತ್ತಿಲ್ಲ. ಹಾಸನದ ಪಕ್ಕದ ಕೋರವಂಗಲ, ಮೊಸಳೆ, ದೊಡ್ಡಗದ್ದವಳ್ಳಿ, ಇವೆಲ್ಲ ಅದೇ ಮನೆತನದ ಕೂಸುಗಳು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಂತೂ 1113ರ ಸುಮಾರಿನದು, ಅಂದರೆ ಬೇಲೂರಿನ ಚೆನ್ನಕೇಶವನಿಗಿಂತ ಹಿರಿಯದು. ಅದನ್ನು ಕಟ್ಟಿಸಿದ್ದು ರಾಜನಲ್ಲ, ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ. 2020ರ ನವೆಂಬರ್‌ನಲ್ಲಿ ಅಲ್ಲಿನ ಕಾಳಿ ವಿಗ್ರಹ ಮುರಿದು ಬಿದ್ದಿದ್ದು ಸುದ್ದಿಯಾದಾಗಲೇ ಬಹಳ ಜನರಿಗೆ ಅಲ್ಲೊಂದು ಗುಡಿ ಇದೆ ಅಂತ ತಿಳಿದದ್ದು. ನಮ್ಮ ತಂಡದಲ್ಲೇ ಇಬ್ಬರಿಗೆ ಅವತ್ತೇ ಗೊತ್ತಾಗಿದ್ದು. ನಾಚಿಕೆಯ ವಿಷಯ, ಆದರೂ ಹೇಳಬೇಕು.

ಈಗ ದೊಡ್ಡಗದ್ದವಳ್ಳಿಯಲ್ಲಿ ಗುಡಿಗೆ ಬೆನ್ನು ಹಾಕಿ ಒಂದು ಸಲ ನಿಂತು ನೋಡಿ. ಎದುರಿಗೆ ಕೆರೆ. ಹಳೇಬೀಡಿನಲ್ಲೂ ಹೀಗೆಯೇ, ಹೊಯ್ಸಳೇಶ್ವರನ ಪಕ್ಕದಲ್ಲಿ ದೊಡ್ಡ ಕೆರೆ. ಆ ರಾಜಧಾನಿಯ ಹೆಸರೇ ದೋರಸಮುದ್ರ. ಬೇಲೂರಿನಲ್ಲಿ ವಿಷ್ಣುಸಮುದ್ರ. ಸಮುದ್ರ ಕಾಣದ ನಾಡಿನವರು ಕೆರೆಗೆ ಸಮುದ್ರ ಎಂದು ಹೆಸರಿಟ್ಟರು. ಬೋಡಿ ಬಯಲಲ್ಲಿ ಗುಡಿ ಕಟ್ಟುವ ಬುದ್ಧಿ ಅವರಿಗಿರಲಿಲ್ಲ. ಮೊದಲು ನೀರು, ಆ ನೀರಿನಿಂದ ಗದ್ದೆ, ಗದ್ದೆಯ ಭತ್ತದಿಂದ ಶಿಲ್ಪಿಗೆ ಕೂಲಿ, ದೇವರಿಗೆ ನೈವೇದ್ಯ. ಕೆರೆ ಇಲ್ಲದಿದ್ದರೆ ಮದನಿಕೆಯರೂ ಇಲ್ಲ.

ಇದೇ ಹೆಸರು ಎಲ್ಲಿ ಸಿಗುತ್ತದೆ ಗೊತ್ತಾ? ಶ್ರೀಲಂಕಾದ ಪೊಲೊನ್ನರುವದಲ್ಲಿ. 1982ರಲ್ಲೇ ಪಟ್ಟಿಗೆ ಸೇರಿದ ಊರು ಅದು. ಅಲ್ಲಿನ ದೊಡ್ಡ ಕೆರೆಯ ಹೆಸರು ಪರಾಕ್ರಮ ಸಮುದ್ರ. 12ನೇ ಶತಮಾನದಲ್ಲಿ ರಾಜ ಪರಾಕ್ರಮಬಾಹು ಕಟ್ಟಿಸಿದ್ದು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ ಅದು. ಕಾಂಬೋಡಿಯಾದ ಅಂಕೋರ್ ವಾಟ್ ಇನ್ನೂ ಹತ್ತಿರ. ಅದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ, ಅಂದರೆ ದೊಡ್ಡಗದ್ದವಳ್ಳಿಯ ಗುಡಿ ಎದ್ದ ಸುಮಾರಿಗೆ. ಅಂಕೋರಿನ ಪಶ್ಚಿಮದ ಕೆರೆ ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲ. ಹಾಸನದಿಂದ ಹೊರಟರೆ ಶಾಂತಿಗ್ರಾಮದ ಅರ್ಧ ದಾರಿ ದಾಟುವವರೆಗೆ ಬರೀ ನೀರು ಅಂತ ಅಂದುಕೊಳ್ಳಿ. ಆ ನಗರ ಹಾಳಾಗಿದ್ದಕ್ಕೆ ಶತ್ರುಗಳ ದಾಳಿಯ ಜೊತೆ ಇನ್ನೊಂದು ಕಾರಣವನ್ನೂ ಸಂಶೋಧಕರು ಹೇಳುತ್ತಾರೆ: 14, 15ನೇ ಶತಮಾನದಲ್ಲಿ ಒಂದರ ಹಿಂದೆ ಒಂದು ಬರ, ನಡುವೆ ನೆರೆ, ಕಾಲುವೆ ಒಡೆದು ಹೂಳು ತುಂಬಿ ನೀರಿನ ವ್ಯವಸ್ಥೆಯೇ ಕುಸಿಯಿತು. ಗುಡಿ ಗಟ್ಟಿಯಾಗಿ ನಿಂತೇ ಇತ್ತು. ಊರು ಖಾಲಿಯಾಯಿತು.

ನಮ್ಮಲ್ಲಿ? ದೋರಸಮುದ್ರದ ಕೆರೆಗೆ ಯಗಚಿ ನೀರು ತನ್ನಿ ಅಂತ ಹಳೇಬೀಡು, ಮಾದಿಹಳ್ಳಿ ಹೋಬಳಿಯ ರೈತರು ರಣಘಟ್ಟ ಯೋಜನೆಗಾಗಿ ವರ್ಷಗಟ್ಟಲೆ ಬೀದಿಗಿಳಿದರು. ಅದೇ ಊರಿನ ಗುಡಿಯನ್ನು ನೋಡಲು ಪ್ರಪಂಚವೇ ಬರುತ್ತಿತ್ತು. ಬಂದ ಪ್ರವಾಸಿಗೆ ಈ ಎರಡೂ ಒಂದೇ ಕಥೆಯ ಎರಡು ಮುಖ ಅಂತ ಯಾರು ಹೇಳಿದರು?

ನಿಮ್ಮ ಜೇಬಿನಲ್ಲಿ ಹೊಸ ನೂರರ ನೋಟಿದ್ದರೆ ತೆಗೆದು ತಿರುಗಿಸಿ ನೋಡಿ. ನೇರಳೆ ಬಣ್ಣದ್ದು. ಹಿಂಬದಿಯಲ್ಲಿರುವುದು ಗುಡಿಯಲ್ಲ, ಬಾವಿ. ಗುಜರಾತಿನ ಪಾಟಣದ ರಾಣಿ ಕಿ ವಾವ್, 11ನೇ ಶತಮಾನದ ಮೆಟ್ಟಿಲುಬಾವಿ. ನೆಲದೊಳಗೆ ಏಳು ಅಂತಸ್ತು. ನದಿಯ ಹೂಳಿನಲ್ಲಿ ಮುಚ್ಚಿಹೋಗಿ ಶತಮಾನಗಳ ಕಾಲ ಮಣ್ಣೊಳಗಿತ್ತು, 1980ರ ದಶಕದಲ್ಲಿ ಹೂಳೆತ್ತಿ ಹೊರಗೆ ತೆಗೆದರು, 2014ರಲ್ಲಿ ವಿಶ್ವ ಪರಂಪರೆಯಾಯಿತು. ಹೂಳೆತ್ತಿದ್ದಕ್ಕೆ ಸಿಕ್ಕ ಬಹುಮಾನ ಅಂತಲೇ ಹೇಳಬೇಕು! ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ, ಸುತ್ತ ಪುಟ್ಟ ಪುಟ್ಟ ಗುಡಿಗೂಡುಗಳು, ಕೆಳಕ್ಕಿಳಿಯುವ ಮೆಟ್ಟಿಲುಗಳು. ಗಾತ್ರದಲ್ಲಿ ತಂಗಿ, ಜಾತಕದಲ್ಲಿ ಒಂದೇ. ಇನ್ನು ಶ್ರವಣಬೆಳಗೊಳ. ಗೊಮ್ಮಟನನ್ನು ನೋಡಲು ಬೆಟ್ಟ ಹತ್ತುತ್ತೇವೆ, ಆದರೆ ಊರಿಗೆ ಹೆಸರು ಕೊಟ್ಟಿದ್ದು ಕೆಳಗಿರುವ ಕೊಳ. ಬೆಳ್ಗೊಳ, ಬಿಳಿಯ ಕೊಳ. ಸಾವಿರ ವರ್ಷದ ಮೂರ್ತಿಗಿಂತ ಹಳೆಯ ಹೆಸರು ಅದು. 500ಕ್ಕೂ ಹೆಚ್ಚು ಶಾಸನಗಳಿರುವ ಊರು ತನ್ನನ್ನು ಕೊಳದ ಹೆಸರಿನಿಂದ ಕರೆದುಕೊಂಡಿದೆ. ಆ ಹೆಸರಿನ ಅರ್ಥ ಮಕ್ಕಳಿಗೆ ಪಾಠದಲ್ಲಿ ಬರುತ್ತದಾ ಎಂದು ನಿಮ್ಮ ಮನೆಯ ಏಳನೇ ಕ್ಲಾಸಿನ ಹುಡುಗನನ್ನು ಕೇಳಿ.

ಅರಕಲಗೂಡಿನವರು ಬೇಜಾರಾಗಬೇಡಿ, ನಿಮ್ಮ ಪಾಲು ಎಲ್ಲರಿಗಿಂತ ದೊಡ್ಡದು. ಕಾವೇರಿ ಹುಟ್ಟುವ ತಲಕಾವೇರಿಯ ಅಭಯಾರಣ್ಯ 2012ರಲ್ಲಿ ಪಶ್ಚಿಮ ಘಟ್ಟದ ಹೆಸರಿನಲ್ಲಿ ಪಟ್ಟಿಗೆ ಸೇರಿದ 39 ತುಂಡುಗಳಲ್ಲಿ ಒಂದು. ಅಲ್ಲಿಂದ ಕೊಡಗು ದಾಟಿ ನಿಮ್ಮ ಕೊಣನೂರು, ರಾಮನಾಥಪುರಕ್ಕೆ ಬರುತ್ತಾಳೆ. ಇತ್ತ ಯಗಚಿ ಬೇಲೂರಿನ ಮಗ್ಗುಲಲ್ಲಿ ಹರಿದು ಗೊರೂರಿನ ಬಳಿ ಹೇಮಾವತಿಗೆ ಸೇರುತ್ತದೆ, ಹೇಮಾವತಿ ಹೊಳೆನರಸೀಪುರ ದಾಟಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸಿಗುತ್ತದೆ. ಮುಂದೆ ಕಾವೇರಿ ಸೋಮನಾಥಪುರದ ಹತ್ತಿರದಿಂದ ಹಾದು ತಮಿಳುನಾಡಿಗೆ ಹೋಗಿ ತಂಜಾವೂರಿನ ಬಯಲಿಗೆ ನೀರುಣಿಸುತ್ತಾಳೆ. ತಂಜಾವೂರಿನ ಬೃಹದೀಶ್ವರ 1987ರಲ್ಲಿ ಪಟ್ಟಿಗೆ ಸೇರಿತು, 2004ರಲ್ಲಿ ಇನ್ನೆರಡು ಚೋಳ ಗುಡಿಗಳು ಜೊತೆಯಾದವು. ಕಾಡು, ಹೊಯ್ಸಳ, ಚೋಳ, ಮೂರು ಬೇರೆ ಬೇರೆ ವಿಶ್ವ ಪರಂಪರೆ, ಒಂದೇ ನೀರು. ಈ ನೀರಿನ ಬಯಲಿಗಾಗಿಯೇ ಅವರು ಬಡಿದಾಡಿದ್ದು ಕೂಡ. ತಲಕಾಡನ್ನು ಚೋಳರಿಂದ ಕಿತ್ತುಕೊಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ನಿಲ್ಲಿಸಿದ. ಒಂಬೈನೂರು ವರ್ಷ ಆಯಿತು, ಕಾವೇರಿ ಜಗಳ ಮುಗಿದಿಲ್ಲ. ಅದು ಬೇರೆ ಮಾತು.

ಹೊಳೆ ಎಂದ ಮೇಲೆ ಅಣೆಕಟ್ಟಿನ ಮಾತಿಗೆ ಬರಲೇಬೇಕು. ನಮ್ಮ ನಾಲ್ಕು ತಾಲ್ಲೂಕಿನ ಹಿರಿಯರಿಗೆ ಇದು ಸುಲಭದ ಮಾತಲ್ಲ.

ವಿಶ್ವ ಪರಂಪರೆ ಎಂಬ ಯೋಚನೆ ಬೆಳೆದಿದ್ದರ ಹಿಂದೆ ಒಂದು ಡ್ಯಾಂ ಇದೆ. ಈಜಿಪ್ಟಿನವರು ನೈಲ್ ನದಿಗೆ ಆಸ್ವಾನ್‌ನಲ್ಲಿ ಎತ್ತರದ ಅಣೆಕಟ್ಟು ಕಟ್ಟಲು ಹೊರಟಾಗ ಅಬು ಸಿಂಬೆಲ್‌ನ ಮೂರು ಸಾವಿರ ವರ್ಷಕ್ಕೂ ಹಳೆಯ ಗುಡಿಗಳು ಮುಳುಗುವ ಸ್ಥಿತಿ ಬಂತು. 1960ರಲ್ಲಿ ಯುನೆಸ್ಕೊ ಪ್ರಪಂಚಕ್ಕೆಲ್ಲ ಕೂಗು ಹಾಕಿತು. ಹಲವು ದೇಶಗಳು ಹಣ ಕೊಟ್ಟವು. 1964ರಿಂದ 1968ರವರೆಗೆ ಇಡೀ ಗುಡಿಯನ್ನು ಕಲ್ಲು ಕಲ್ಲಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಆ ಅನುಭವದಿಂದಲೇ 1972ರ ವಿಶ್ವ ಪರಂಪರೆ ಒಪ್ಪಂದಕ್ಕೆ ದಾರಿಯಾಯಿತು. ಅಬು ಸಿಂಬೆಲ್ ಪಟ್ಟಿಗೆ ಸೇರಿದ್ದು 1979ರಲ್ಲಿ.

1979. ಈ ಇಸವಿ ಎಲ್ಲೋ ಕೇಳಿದ ಹಾಗಿದೆಯಲ್ಲ? ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ವರ್ಷ ಅದು. 37 ಟಿಎಂಸಿ ನೀರು, 2,922 ಅಡಿ ಮಟ್ಟ, ಪ್ರತಿ ಮಳೆಗಾಲ ಪೇಪರಿನಲ್ಲಿ ಓದುತ್ತೀರಿ. ಆ ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಗದ್ದೆ ಮುಳುಗಿತು, ಶೆಟ್ಟಿಹಳ್ಳಿಯ ಚರ್ಚು ಮುಳುಗಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಈಗ ಮಳೆಗಾಲದಲ್ಲಿ ಸೊಂಟದವರೆಗೆ ನೀರು, ಬೇಸಿಗೆಯಲ್ಲಿ ಬಟಾಬಯಲು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಕಾರುಗಳು. ಗೋಡೆ ಹತ್ತಿ ರೀಲ್ಸ್. ಅದರ ಹೆಸರೇ "ಮುಳುಗುವ ಚರ್ಚ್" ಆಗಿಬಿಟ್ಟಿದೆ, ಅದೇನೋ ಅದರ ಕಸುಬು ಅನ್ನುವ ಹಾಗೆ.

ಅಲ್ಲಿ ಗುಡಿ ಉಳಿಯಿತು, ಇಲ್ಲಿ ಚರ್ಚು ಮುಳುಗಿತು, ಅನ್ಯಾಯ ಅಂತ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಅಬು ಸಿಂಬೆಲ್‌ನ ಕಲ್ಲುಗಳನ್ನು ಅಷ್ಟು ಜೋಪಾನವಾಗಿ ಸಾಗಿಸಿದರಲ್ಲ, ಅದರ ಸುತ್ತ ಇದ್ದ ನೂಬಿಯಾದ ಜನ ಏನಾದರು? ಈಜಿಪ್ಟು ಮತ್ತು ಸುಡಾನಿನಲ್ಲಿ ಸುಮಾರು ಒಂದು ಲಕ್ಷ ಜನ ಊರು ಬಿಟ್ಟರು. ಹೊಳೆ ದಂಡೆಯ ಖರ್ಜೂರದ ತೋಟದವರನ್ನು ಹೊಳೆಯೇ ಇಲ್ಲದ ಕಡೆ ಸಾಲು ಮನೆಗಳಲ್ಲಿ ಕೂರಿಸಿದರು. ಕಲ್ಲಿಗೆ ನಂಬರ್ ಬರೆದು ಜೋಡಿಸಿದ ಪ್ರಪಂಚ ಜನರ ಊರಿಗೆ ನಂಬರ್ ಬರೆಯಲಿಲ್ಲ. ಗೊರೂರಿನ ಮುಳುಗಡೆ ಕುಟುಂಬಗಳ ಮುಂದೆ ಈ ಕಥೆ ಹೇಳಿ ನೋಡಿ. ಈಜಿಪ್ಟ್ ಎಲ್ಲಿದೆ ಅಂತ ಕೇಳುವುದಿಲ್ಲ. ಅರ್ಥವಾಗುತ್ತದೆ. ಮುಳುಗಡೆಯ ಕಾಗದ ಹಿಡಿದು ಕಚೇರಿ ಸುತ್ತಿದ ಅಜ್ಜಂದಿರು ನಮ್ಮ ತಂಡದವರ ಮನೆಗಳಲ್ಲೇ ಇದ್ದರು. ಶೆಟ್ಟಿಹಳ್ಳಿಗೂ ಅಬು ಸಿಂಬೆಲ್‌ಗೂ ಇರುವ ಸಂಬಂಧ ಇದು, ಆದರೆ ಯಾವ ಗೈಡೂ ಹೇಳುವುದಿಲ್ಲ.

ಪಟ್ಟಿಯೇ ಬೇಡ ಅಂತ ನಾವು ಹೇಳುತ್ತಿಲ್ಲ. ಪಟ್ಟಿ ಮಾಡುವವರೇ ಆಮೇಲೆ ಸ್ವಲ್ಪ ಬುದ್ಧಿ ಕಲಿತಿದ್ದಾರೆ. ಬಾಲಿ ದ್ವೀಪದ ಉದಾಹರಣೆ ನೋಡಿ. 2012ರಲ್ಲಿ ನಮ್ಮ ಪಶ್ಚಿಮ ಘಟ್ಟದ ಜೊತೆಗೇ ಅದೂ ಪಟ್ಟಿಗೆ ಸೇರಿತು. ಸೇರಿದ್ದು ಏನು? ಭತ್ತದ ಗದ್ದೆ, ನೀರಿನ ಗುಡಿಗಳು, ಮತ್ತು ಸುಬಕ್. ಸುಬಕ್ ಅಂದರೆ ಕಟ್ಟಡವಲ್ಲ. ಒಂದೇ ಕಾಲುವೆಯ ನೀರು ಬಳಸುವ ರೈತರ ಕೂಟ. ಯಾರ ಗದ್ದೆಗೆ ಎಂದು ನೀರು, ಯಾರು ಮೊದಲು ನಾಟಿ ಮಾಡಬೇಕು, ಕಾಲುವೆ ರಿಪೇರಿಗೆ ಯಾರು ಆಳು ಕಳಿಸಬೇಕು, ಎಲ್ಲ ಕೂತು ತೀರ್ಮಾನಿಸುತ್ತಾರೆ. ಹೆಚ್ಚೂ ಕಮ್ಮಿ ಸಾವಿರ ವರ್ಷದಿಂದ ನಡೆದು ಬಂದ ಪದ್ಧತಿ. ನೀರಿನ ಸರದಿಯನ್ನೇ ವಿಶ್ವ ಪರಂಪರೆ ಎಂದು ಒಪ್ಪಿದ್ದಾರೆ.

ಹೊಳೆನರಸೀಪುರದ ರಾಜಮುಡಿ ಬೆಳೆಯುವ ಗದ್ದೆ ಬಯಲಿನ ಯಾವ ಅಜ್ಜನಿಗೆ ಇದು ಹೊಸದು ಹೇಳಿ? ನಮ್ಮಲ್ಲಿ ನೀರಗಂಟಿ ಇದ್ದ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಗೌಡರ ಗದ್ದೆಯಾದರೂ ಸರದಿ ಬಂದಾಗಲೇ ನೀರು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಇಷ್ಟು ಸೇರು ಅಂತ ಭತ್ತ. ಶಾಸನಗಳಲ್ಲಿ ಬಿಟ್ಟುವಟ್ಟ, ಕೆರೆಗೊಡಗೆ ಎಂಬ ಪದಗಳು ಬರುತ್ತವೆ. ಕೆರೆ ಕಟ್ಟಿದವನಿಗೆ, ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅದು. ಹೂಳು ಸಾಗಿಸಲು ಕೆರೆಬಂಡಿ ಇಡಬೇಕು, ಅದರ ಖರ್ಚು ಎಲ್ಲಿಂದ ಬರಬೇಕು ಅಂತಲೂ ಕಲ್ಲಿನ ಮೇಲೆ ಬರೆಸಿದ್ದಾರೆ. ವರ್ಷ ವರ್ಷದ ನಿರ್ವಹಣೆಗೆ ಬಜೆಟ್ಟನ್ನು ಕಲ್ಲಲ್ಲಿ ಕೆತ್ತಿಸಿದ ಜನ! ನಮ್ಮ ಇವತ್ತಿನ ಕಾಮಗಾರಿಯ ಬೋರ್ಡುಗಳು ಬಿಲ್ ಆಗುವವರೆಗೂ ನಿಲ್ಲುವುದಿಲ್ಲ.

ಚೀನಾದ ದುಜಿಯಾಂಗ್‌ಯಾನ್ 2000ನೇ ಇಸವಿಯಲ್ಲಿ ಪಟ್ಟಿಗೆ ಸೇರಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಹೊಳೆಯನ್ನು ಪೂರ್ತಿ ತಡೆಯದೆ, ಬರೀ ಸೀಳಿ, ಕಾಲುವೆಗೆ ತಿರುಗಿಸಿದ ಕೆಲಸ ಅದು. ಇವತ್ತಿಗೂ ಹೊಲಕ್ಕೆ ನೀರು ಕೊಡುತ್ತಿದೆ. ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಅಡ್ಡಲಾಗಿರುವ ಕೃಷ್ಣರಾಜ ಕಟ್ಟೆ, ಹೇಮಾವತಿಯ ಶ್ರೀರಾಮದೇವರ ಕಟ್ಟೆ ಕೂಡ ಇದೇ ಬಗೆಯ ಬುದ್ಧಿ. ವಯಸ್ಸು ಕಡಿಮೆ, ಗಾತ್ರ ಕಡಿಮೆ, ಒಪ್ಪೋಣ. ಆದರೆ ಕಟ್ಟೆಯ ಮೇಲೆ ನೀರು ಉಕ್ಕಿ ಹರಿಯುವುದನ್ನು ಫೋಟೋ ತೆಗೆಯುವ ನಾವು ಅದರ ಕಾಲುವೆ ಎಷ್ಟು ಊರು ಸಾಕಿದೆ ಅಂತ ಒಂದು ಸಾಲು ಬರೆದಿದ್ದೇವಾ?

ಇಲ್ಲಿ ಒಂದು ತಕರಾರು ಬರುತ್ತದೆ. ನಮ್ಮ ಗೆಳೆಯರೇ ಎತ್ತಿದ್ದು. "ಹಳೇ ಕಾಲ ಅಷ್ಟು ಚೆನ್ನಾಗಿತ್ತಾ? ಕಲ್ಯಾಣಿ ಮೆಟ್ಟಿಲು ಎಲ್ಲರಿಗೂ ತೆರೆದಿತ್ತಾ?" ಇರಲಿಲ್ಲ. ಕೆರೆ ತೋಡಿದವರು ಭೋವಿ ಜನ, ಕಾಯ್ದವರು ಅನೇಕ ಊರುಗಳಲ್ಲಿ ದಲಿತ ಮನೆಯ ನೀರಗಂಟಿಗಳು, ಹೆಸರು ಮಾತ್ರ ದಂಡನಾಯಕನದು. ತೂಬು ಎತ್ತಿದ ಕೈಗೆ ಕೆಲವು ಊರುಗಳಲ್ಲಿ ಅದೇ ಕೊಳದ ನೀರು ಮುಟ್ಟಲು ಬಿಡಲಿಲ್ಲ. ಕೆರೆಗೆ ಸೊಸೆಯನ್ನು ಬಲಿ ಕೊಟ್ಟ ಭಾಗೀರಥಿಯ ಕಥೆ ನಮ್ಮ ಹೆಂಗಸರು ಸುಮ್ಮನೆ ಹಾಡಿಕೊಂಡು ಬಂದಿದ್ದಲ್ಲ. ಅದಕ್ಕೇ ನಾವು ಹಟ ಹಿಡಿಯುತ್ತಿರುವುದು. ಬರೀ ಗುಡಿಯನ್ನು ಪರಂಪರೆ ಎಂದರೆ ರಾಜ, ದಂಡನಾಯಕ, ಶಿಲ್ಪಿಯ ಹೆಸರು ಉಳಿಯುತ್ತದೆ. ಕೆರೆಯನ್ನೂ ಸೇರಿಸಿ ಎಂದ ಕೂಡಲೇ ಮಣ್ಣು ಹೊತ್ತವರು, ತೂಬು ಕಾಯ್ದವರು ಲೆಕ್ಕಕ್ಕೆ ಬರುತ್ತಾರೆ. ಕೆಲವರಿಗೆ ಅದೇ ಕಸಿವಿಸಿ ಅಂತ ನಮ್ಮ ಗುಮಾನಿ.

ಇನ್ನೊಂದು ತಕರಾರು: ಕಾಲುವೆ ಬಂತು, ಬೋರ್‌ವೆಲ್ ಬಂತು, ಕೆರೆ ಯಾಕೆ? ಚನ್ನರಾಯಪಟ್ಟಣದ ತೆಂಗಿನ ತೋಟದವರನ್ನು ಕೇಳಿ. ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು, ಎಷ್ಟು ಬತ್ತಿದವು, ಸಾಲ ಎಷ್ಟಾಯಿತು, ಅವರೇ ಹೇಳುತ್ತಾರೆ. ಈಗ ಸರ್ಕಾರವೇ ಹೇಮಾವತಿ ನೀರನ್ನು ಪಂಪ್ ಮಾಡಿ ಕೆರೆ ತುಂಬಿಸಲು ಹೊರಟಿದೆ. ತುಂಬಿಸಲು ಕೆರೆ ಉಳಿದಿರಬೇಕಲ್ಲ.

ಕಾನೂನಿನ ತಮಾಷೆ ನೋಡಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಗುಡಿ ಪಕ್ಕದ ಬಡವ ಒಂದು ಶೌಚಾಲಯ ಕಟ್ಟಿಕೊಳ್ಳಬೇಕಾದರೂ ಹತ್ತು ಸಲ ಯೋಚಿಸುತ್ತಾನೆ. ಕೆರೆಗೂ ಕಾನೂನಿಲ್ಲ ಅಂತಲ್ಲ. 2014ರಲ್ಲಿ ರಾಜ್ಯದಲ್ಲಿ ಕೆರೆ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆಯೇ ಬಂತು. ಒತ್ತುವರಿ ತಪ್ಪು, ಕಸ ಸುರಿಯುವುದು ತಪ್ಪು ಅಂತ ಬರೆದಿದೆ. ಆದರೆ ಗುಡಿಗೆ ಕಾವಲುಗಾರ ಇದ್ದಾನೆ, ಕೆರೆಗೆ ನೀರಗಂಟಿಯೂ ಇಲ್ಲ. ಗುಡಿಯ ಮೂರ್ತಿಯ ಮೂಗು ಮುರಿದರೆ ಟಿವಿಯವರು ಬರುತ್ತಾರೆ. ಏರಿಯ ಕಲ್ಲು ಕಿತ್ತು ಮನೆ ಪಾಯಕ್ಕೆ ಹಾಕಿಕೊಂಡರೆ "ಅಯ್ಯೋ ಯಾರ್ದೋ ಬಿಡಿ."

ಹೋದ ಬೇಸಿಗೆಯಲ್ಲಿ ನಾವು ಒಂದು ಪಂಚಾಯಿತಿಗೆ ಹೋದೆವು. ಊರಿನ ಹೆಸರು ಬೇಡ. ಗುಡಿಯ ಪಕ್ಕದ ಕೆರೆಯ ವಿಸ್ತೀರ್ಣ ಎಷ್ಟು ಅಂತ ಕೇಳಿದೆವು. ಗುಡಿಗೆ ಎಷ್ಟು ಜನ ಪ್ರವಾಸಿಗರು ಬಂದರು, ಪಾರ್ಕಿಂಗ್ ಹರಾಜು ಎಷ್ಟಕ್ಕೆ ಹೋಯಿತು, ಎಲ್ಲ ಬಾಯಲ್ಲೇ ಹೇಳಿದರು. ಕೆರೆಯ ಲೆಕ್ಕಕ್ಕೆ ಮಾತ್ರ ತಾಲ್ಲೂಕು ಕಚೇರಿ ತೋರಿಸಿದರು, ಅಲ್ಲಿ ಸಣ್ಣ ನೀರಾವರಿ ಎಂದರು, ಅಲ್ಲಿ ಜಿಲ್ಲಾ ಪಂಚಾಯಿತಿ ಎಂದರು. ಮೂರು ದಿನ ಓಡಾಡಿದ ಮೇಲೆ ಒಂದು ಚೀಟಿಯಲ್ಲಿ ಎಕರೆ, ಗುಂಟೆ ಬರೆದುಕೊಟ್ಟರು. ಆ ಚೀಟಿ ಹಿಡಿದು ಕೆರೆಗೆ ಹೋದರೆ ಅಂಗಳದ ಒಂದು ಮೂಲೆಯಲ್ಲಿ ಶುಂಠಿ, ಇನ್ನೊಂದು ಮೂಲೆಯಲ್ಲಿ ಕಟ್ಟಡದ ಮಣ್ಣು, ಕೋಡಿಯಲ್ಲಿ ಕೋಳಿ ಅಂಗಡಿಯ ಪುಕ್ಕ. ಅಲ್ಲೇ ಗುಡಿಯ ಗೋಡೆಗೆ ಆನಿಸಿ ವಿಶ್ವ ಪರಂಪರೆ ದಿನಾಚರಣೆಯ ಫ್ಲೆಕ್ಸ್ ಇನ್ನೂ ನಿಂತಿತ್ತು. ಏಪ್ರಿಲ್ 18ರದು.

ನಮ್ಮೂರ ಕೆರೆಯನ್ನೆಲ್ಲ ಯುನೆಸ್ಕೊಗೆ ಸೇರಿಸಿ ಅಂತ ಯಾರೂ ಕೇಳುತ್ತಿಲ್ಲ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ, ಆಗುವ ಮಾತಲ್ಲ, ಬೇಕಾಗಿಯೂ ಇಲ್ಲ. ನಾವು ಕೇಳುವುದು ಇಷ್ಟು. ಗುಡಿಗಳ ಬೋರ್ಡಿನಲ್ಲಿ ಕೆರೆಯ ಹೆಸರೂ ಬರಲಿ. ಗೈಡ್‌ಗಳಿಗೆ ಮದನಿಕೆಯ ಜೊತೆ ತೂಬನ್ನೂ ತೋರಿಸಲು ಕಲಿಸಲಿ. ಪ್ರವಾಸೋದ್ಯಮದ ದುಡ್ಡಿನಲ್ಲಿ ಒಂದು ಪಾಲು ಆ ಕೆರೆಯ ರಾಜಕಾಲುವೆ ಬಿಡಿಸಲು ಹೋಗಲಿ. ಶೆಟ್ಟಿಹಳ್ಳಿಯಲ್ಲಿ ಮುಳುಗಿದ ಊರುಗಳ ಹೆಸರು ಬರೆದ ಒಂದು ಕಲ್ಲು ನಿಲ್ಲಲಿ.

ನೀವು ಮಾಡಬಹುದಾದ್ದು ಇನ್ನೂ ಸುಲಭ. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಕೆರೆ ಏರಿಯ ಮೇಲೆ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಏರಿಯಿಂದ ಅಂಗಳದ ಕೊನೆಯವರೆಗೆ ನಡೆದು ನೋಡಿ, ನಂಬರ್ ಎಲ್ಲಿ ಬದಲಾಗುತ್ತದೆ, ಬೇಲಿ ಎಲ್ಲಿದೆ ಅಂತ. ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ: ದಾಖಲೆಯಲ್ಲಿ ಕೆರೆ ಎಷ್ಟು ಎಕರೆ, ಈಗ ಎಷ್ಟಿದೆ, ಕೊನೆಯ ಸಲ ಸರ್ವೆ ಆಗಿದ್ದು ಯಾವಾಗ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆಯುವವರೆಗೆ ಏಳಬೇಡಿ.

ಇನ್ನೊಂದು. ನಿಮ್ಮೂರಿನ ಕೊನೆಯ ನೀರಗಂಟಿ ಯಾರು ಅಂತ ಮನೆಯ ಹಿರಿಯರನ್ನು ಕೇಳಿ. ಬದುಕಿದ್ದರೆ ಹೋಗಿ ಮಾತಾಡಿಸಿ. ನಾವು ಹೊಳೆನರಸೀಪುರದ ಕಡೆ ಅಂಥ ಒಬ್ಬ ಅಜ್ಜನನ್ನು ಮಾತಾಡಿಸಿದೆವು. ಬೇಲೂರಿಗೆ ಹೋಗಿದ್ದೀರಾ ತಾತ ಅಂತ ಕೇಳಿದ್ದಕ್ಕೆ, "ಒಂದ್ಸಲ ಹೋಗಿದ್ದೆ ಮಗ, ಗುಡಿ ಚಂದಾಗೈತೆ. ಅಲ್ಲೀ ಕೆರೆ ತೂಬು ನೋಡ್ಬೇಕು ಅಂದೆ, ಬಸ್ ಹೊರಟೋಯ್ತದೆ ಬಾ ಅಂತ ಕರ್ಕೊಂಡ್ ಬಂದ್ರು" ಅಂದರು.